ಕ್ರೋಮೋಸೋಮ್ ಏರುಪೇರಾದಾಗ ಮಗುವಿನ ಮಿದುಳಿಗೆ ಏನಾಗುತ್ತದೆ? ರಿಪೋರ್ಟ್ ಹೇಳುವುದೆಷ್ಟು, ಹೇಳದೆ ಬಿಡುವುದೆಷ್ಟು?

2025ರಲ್ಲಿ ಮೂರೇ ತಿಂಗಳ ಅಂತರದಲ್ಲಿ ಎರಡು ಸುದ್ದಿ ಬಂದವು. ಫೆಬ್ರವರಿಯಲ್ಲಿ ಜಪಾನಿನ ಮೀಎ ವಿಶ್ವವಿದ್ಯಾಲಯದ ತಂಡ, ಡೌನ್ ಸಿಂಡ್ರೋಮ್‌ಗೆ ಕಾರಣವಾಗುವ ಹೆಚ್ಚುವರಿ 21ನೇ ಕ್ರೋಮೋಸೋಮನ್ನು ಡಿಎನ್‌ಎ ಕತ್ತರಿಸುವ ಕ್ರಿಸ್ಪರ್ ತಂತ್ರದಿಂದ ಜೀವಕೋಶದೊಳಗಿಂದಲೇ ತೆಗೆದುಹಾಕಿದ್ದೇವೆ ಎಂದಿತು. ಮೇ ತಿಂಗಳಲ್ಲಿ ಅಮೆರಿಕದ ಫಿಲಡೆಲ್ಫಿಯಾ ಮಕ್ಕಳ ಆಸ್ಪತ್ರೆಯಿಂದ ಇನ್ನೊಂದು ಸುದ್ದಿ ಬಂತು. ಅಪರೂಪದ ಜೀನ್ ದೋಷದೊಂದಿಗೆ ಹುಟ್ಟಿದ ಮಗುವೊಂದಕ್ಕೆ, ಅದೊಂದೇ ಮಗುವಿಗಾಗಿ ತಯಾರಿಸಿದ ಜೀನ್ ತಿದ್ದುವ ಔಷಧಿ ಕೊಟ್ಟರು. ಮಗು ಚೇತರಿಸಿಕೊಂಡಿತು.

ಎರಡನ್ನೂ ಒಟ್ಟಿಗೆ ಓದಿದವರಿಗೆ ಸಹಜವಾಗಿ ಒಂದು ಪ್ರಶ್ನೆ ಬರುತ್ತದೆ. ಜೀನ್ ತಿದ್ದಬಹುದು, ಕ್ರೋಮೋಸೋಮನ್ನೇ ತೆಗೆಯಬಹುದು ಅಂದಮೇಲೆ, ಕ್ರೋಮೋಸೋಮ್ ತೊಂದರೆಯಿಂದ ಮಿದುಳಿನ ಬೆಳವಣಿಗೆಗೆ ಪೆಟ್ಟು ಬಿದ್ದ ಮಕ್ಕಳೂ ಇನ್ನು ಸರಿಹೋಗಬಹುದು ಅಲ್ವಾ? ಇದೇ ಹೊತ್ತಿಗೆ ಇನ್ನೊಂದು ಕಡೆ, ಬಸುರಿಯರ ರಕ್ತಪರೀಕ್ಷೆಯ ರಿಪೋರ್ಟಿನಲ್ಲಿ ಯಾರೂ ಕೇಳಿರದ ಸಿಂಡ್ರೋಮುಗಳ ಹೆಸರು ಬರತೊಡಗಿವೆ. ಪಕ್ಕದಲ್ಲಿ 'ಹೈ ರಿಸ್ಕ್' ಎಂದಿರುವುದನ್ನು ನೋಡಿ ಮನೆಮಂದಿಯೆಲ್ಲ ನಿದ್ದೆಗೆಡುತ್ತಾರೆ.

ಈ ಭರವಸೆ, ಈ ಭಯ ಎರಡಕ್ಕೂ ಮೂಲ ಒಂದೇ. ಕ್ರೋಮೋಸೋಮಿನ ಬದಲಾವಣೆಯನ್ನು ಕಂಡುಹಿಡಿಯುವುದು ಈಗ ಸುಲಭ. ಆದರೆ ಆ ಬದಲಾವಣೆ ಈ ಒಂದು ಮಗುವಿನ ಮಿದುಳಿಗೆ ಏನು ಮಾಡುತ್ತದೆ ಎಂದು ಹೇಳುವುದು ಇನ್ನೂ ಕಷ್ಟ. ನಡುವಿನ ಈ ಅಂತರ ಎಷ್ಟು ದೊಡ್ಡದು ಎಂದು ಗೊತ್ತಾಗಬೇಕಾದರೆ ಎರಡು ಸಂಗತಿ ತಿಳಿದಿರಬೇಕು: ಜೀನ್‌ಗಳ ಪ್ರಮಾಣ ಎಷ್ಟು ಬದಲಾಯಿತು, ಅದು ಮಿದುಳು ಕಟ್ಟುವ ಯಾವ ಹೊತ್ತಿನಲ್ಲಿ ಅಡ್ಡ ಬಂತು.

ಒಂದು ಅಕ್ಷರದ ತಪ್ಪು ಬೇರೆ, ಇಡೀ ತುಂಡಿನ ತಪ್ಪು ಬೇರೆ

ಜೀನ್‌ಗಳನ್ನು ಹೊತ್ತ ಡಿಎನ್‌ಎ ಎಳೆಗಳೇ ಕ್ರೋಮೋಸೋಮ್‌ಗಳು. ನಮ್ಮ ಜೀವಕೋಶದಲ್ಲಿ 46 ಕ್ರೋಮೋಸೋಮ್ ಇರುತ್ತವೆ, ಅಂದರೆ 23 ಜೊತೆ. ಪ್ರತಿ ಜೊತೆಯಲ್ಲಿ ಒಂದು ತಾಯಿಯಿಂದ, ಒಂದು ತಂದೆಯಿಂದ ಬಂದದ್ದು. ಈ 46 ಎಂಬ ಲೆಕ್ಕ ಖಚಿತವಾಗಿದ್ದೇ 1956ರಲ್ಲಿ, ಸ್ವೀಡನ್ನಿನ ಲುಂಡ್‌ನಲ್ಲಿ. ಅದಾದ ಮೂರೇ ವರ್ಷಕ್ಕೆ, 1959ರಲ್ಲಿ, ಮಾರ್ಥ್ ಗೋತಿಯೆ, ಜೆರೋಮ್ ಲಜೂನ್, ರೇಮೋಂ ತುರ್ಪಾಂ ಎಂಬ ಫ್ರೆಂಚ್ ವಿಜ್ಞಾನಿಗಳು ಡೌನ್ ಸಿಂಡ್ರೋಮ್ ಇರುವವರಲ್ಲಿ 21ನೇ ಕ್ರೋಮೋಸೋಮ್ ಎರಡರ ಬದಲು ಮೂರು ಇರುವುದನ್ನು ಪ್ರಕಟಿಸಿದರು. 1960ರಲ್ಲಿ ಟ್ರೈಸೊಮಿ 13 ಮತ್ತು ಟ್ರೈಸೊಮಿ 18, ಅಂದರೆ 13ನೇ ಅಥವಾ 18ನೇ ಕ್ರೋಮೋಸೋಮ್ ಮೂರು ಇರುವ ತೊಂದರೆಗಳು, ಗೊತ್ತಾದವು. 1963ರಲ್ಲಿ, ಐದನೇ ಕ್ರೋಮೋಸೋಮಿನ ತುದಿ ಮುರಿದುಹೋದರೆ ಬರುವ 'ಕ್ರಿ ದು ಶಾ' ಸಿಂಡ್ರೋಮ್ ಗೊತ್ತಾಯಿತು.

ಫಿಲಡೆಲ್ಫಿಯಾದ ಮಗುವಿಗೆ ಇದ್ದದ್ದು ಇಂಥ ತೊಂದರೆ ಅಲ್ಲ. ಅಲ್ಲಿ ಕ್ರೋಮೋಸೋಮ್‌ಗಳೆಲ್ಲ ಇದ್ದ ಹಾಗೇ ಇದ್ದವು. ಅಮೋನಿಯಾವನ್ನು ದೇಹದಿಂದ ಹೊರಹಾಕಲು ಬೇಕಾದ ಒಂದು ಜೀನಿನಲ್ಲಿ ಮಾತ್ರ ತಪ್ಪಿತ್ತು. ಆ ಜೀನ್ ಮುಖ್ಯವಾಗಿ ಕೆಲಸ ಮಾಡುವುದು ಲಿವರ್‌ನಲ್ಲಿ. ರಕ್ತಕ್ಕೆ ಕೊಟ್ಟ ಔಷಧಿ ಲಿವರ್ ತಲುಪುವುದು ಸುಲಭ. ಹುಟ್ಟಿದ ಮೇಲೂ ಅಲ್ಲಿ ತಿದ್ದಲು ಅವಕಾಶವಿತ್ತು.

ಇದಕ್ಕೆ ಹೋಲಿಸಿದರೆ 22ನೇ ಕ್ರೋಮೋಸೋಮಿನಲ್ಲಿ ಆಗುವ 22ಕ್ಯೂ11.2 ಎಂಬ ಕೊರತೆಯನ್ನು ನೋಡಿ (ಹೆಸರಿನ ಮೊದಲ ಅಂಕಿ ಕ್ರೋಮೋಸೋಮಿನದು, ಉಳಿದದ್ದು ಅದರಲ್ಲಿನ ಜಾಗದ ಗುರುತು). 2,000ದಿಂದ 4,000 ಮಕ್ಕಳಲ್ಲಿ ಒಬ್ಬರಿಗೆ ಇದು ಇರುತ್ತದೆ ಎಂಬ ಅಂದಾಜಿದೆ. ಸಾಮಾನ್ಯವಾಗಿ ಇದರಲ್ಲಿ ಕಳೆದುಹೋಗುವುದು ಸುಮಾರು 30 ಲಕ್ಷ ಅಕ್ಷರಗಳ ಡಿಎನ್‌ಎ, ಅದರ ಜೊತೆಗೆ 40ಕ್ಕೂ ಹೆಚ್ಚು ಜೀನ್‌ಗಳು. ಹೀಗಿದ್ದೂ ಇದನ್ನು 'ಮೈಕ್ರೋ' ಡಿಲೀಷನ್, ಅಂದರೆ ಸೂಕ್ಷ್ಮ ಕೊರತೆ ಅನ್ನುತ್ತಾರೆ, ಯಾಕೆಂದರೆ ಸಾಧಾರಣ ಸೂಕ್ಷ್ಮದರ್ಶಕಕ್ಕೆ ಇದು ಕಾಣುವುದಿಲ್ಲ. ಡೌನ್ ಸಿಂಡ್ರೋಮ್‌ನಲ್ಲಿ 200ಕ್ಕೂ ಹೆಚ್ಚು ಜೀನ್‌ಗಳ ಒಂದೊಂದು ಪ್ರತಿ ಹೆಚ್ಚಿರುತ್ತದೆ. ಇಲ್ಲಿ ತಿದ್ದಲು ತಪ್ಪಕ್ಷರವೇ ಇಲ್ಲ. ಪ್ರತಿ ಜೀನೂ ತನ್ನ ಮಟ್ಟಿಗೆ ಸರಿಯಾಗೇ ಇದೆ, ಎಷ್ಟು ಪ್ರತಿ ಇರಬೇಕಿತ್ತೋ ಅಷ್ಟಿಲ್ಲ.

ಈ ತಪ್ಪು ಆಗುವುದು ಹೇಗೆ

ಇಡೀ ಕ್ರೋಮೋಸೋಮ್ ಹೆಚ್ಚಾಗುವುದು ಬಹುಪಾಲು ಅಂಡಾಣು ತಯಾರಾಗುವಾಗ. ಹೆಣ್ಣುಮಗು ತನ್ನ ತಾಯಿಯ ಹೊಟ್ಟೆಯಲ್ಲಿರುವಾಗಲೇ ಅವಳ ಅಂಡಾಣುಗಳು ವಿಭಜನೆ ಶುರುಮಾಡಿ ಅರ್ಧಕ್ಕೆ ನಿಂತಿರುತ್ತವೆ. ದಶಕಗಳ ನಂತರ ಆ ವಿಭಜನೆ ಮುಂದುವರಿಯುತ್ತದೆ. ಅಷ್ಟು ವರ್ಷ ಜೊತೆ ಕ್ರೋಮೋಸೋಮ್‌ಗಳನ್ನು ಹಿಡಿದಿಟ್ಟ ಪ್ರೋಟೀನ್‌ಗಳು ಸಡಿಲವಾದಂತೆ, ಸಮನಾಗಿ ಬೇರೆಯಾಗುವಲ್ಲಿ ತಪ್ಪು ಜಾಸ್ತಿ ಆಗುತ್ತದೆ. ವಯಸ್ಸಾದ ಮೇಲೆ ಬಸಿರಾದರೆ ಡೌನ್ ಸಿಂಡ್ರೋಮ್ ಸಾಧ್ಯತೆ ಏರುವುದು ಇದಕ್ಕೇ.

ಸಣ್ಣ ತುಂಡು ಕಳೆದುಹೋಗುವ ಕಥೆ ಬೇರೆ. ಕ್ರೋಮೋಸೋಮಿನ ಕೆಲವು ಜಾಗಗಳಲ್ಲಿ, ಒಂದು ತುಂಡಿನ ಎರಡೂ ಬದಿಗೆ ಒಂದೇ ಥರದ ಡಿಎನ್‌ಎ ಸಾಲುಗಳಿರುತ್ತವೆ. ವಿಭಜನೆಯಾಗುವಾಗ ಅವು ತಪ್ಪಾಗಿ ಒಂದಕ್ಕೊಂದು ಜೋಡಿಯಾದರೆ, ನಡುವಿನ ತುಂಡು ಒಂದು ಕಡೆ ಕಳೆದುಹೋಗುತ್ತದೆ, ಇನ್ನೊಂದು ಕಡೆ ಇಮ್ಮಡಿಯಾಗುತ್ತದೆ. ಇದಕ್ಕೂ ತಾಯಿಯ ವಯಸ್ಸಿಗೂ ಸಂಬಂಧವಿಲ್ಲ. 22ಕ್ಯೂ11.2 ಕೊರತೆಯಲ್ಲಿ ಹತ್ತರಲ್ಲಿ ಸುಮಾರು ಒಂಬತ್ತು ಪ್ರಕರಣ ಹೊಸದಾಗಿ ಆದವು, ಅಪ್ಪ ಅಮ್ಮ ಇಬ್ಬರಲ್ಲೂ ಇರುವುದಿಲ್ಲ.

ಒಂದು ಮಾತು ಇಲ್ಲೇ ಹೇಳಿಬಿಡಬೇಕು. ಬಸುರಿಯಾಗಿದ್ದಾಗ ತಾಯಿ ತಿಂದದ್ದು, ದುಡಿದದ್ದು, ಅತ್ತದ್ದು ಇವ್ಯಾವುದೂ ಇದಕ್ಕೆ ಕಾರಣವಲ್ಲ. ಬಹಳಷ್ಟು ಸಲ ತಪ್ಪು ಆಗಿಹೋಗಿರುವುದು ಬಸಿರು ನಿಲ್ಲುವ ಮೊದಲೇ. ಆದರೂ ಇಂಥ ಮಗು ಹುಟ್ಟಿದ ಮನೆಯಲ್ಲಿ ಸುಮ್ನೆ ಬೊಟ್ಟು ಮಾಡುವುದು ತಾಯಿಯ ಕಡೆಗೇ. ಅದು ಅನ್ಯಾಯ.

ಹೆಚ್ಚಾದರೂ ಕಷ್ಟ, ಕಡಿಮೆಯಾದರೂ ಕಷ್ಟ

ಜೀನ್ ಇರುವುದು ಪ್ರೋಟೀನ್ ಮಾಡಿಸಲು. ಎರಡು ಪ್ರತಿ ಇದ್ದರೆ ಒಂದು ಪ್ರಮಾಣ. ಮೂರಾದರೆ ಸುಮಾರು ಒಂದೂವರೆ ಪಟ್ಟು, ಒಂದೇ ಉಳಿದರೆ ಸುಮಾರು ಅರ್ಧ. ಎಷ್ಟೋ ಜೀನ್‌ಗಳಿಗೆ ಈ ಏರುಪೇರು ಲೆಕ್ಕಕ್ಕೇ ಬರುವುದಿಲ್ಲ, ಅರ್ಧದಲ್ಲೇ ಕೆಲಸ ನಡೆಯುತ್ತದೆ. ಕೆಲವಕ್ಕೆ ಮಾತ್ರ ಪ್ರಮಾಣ ಸ್ವಲ್ಪ ತಪ್ಪಿದರೂ ಆಗುವುದಿಲ್ಲ. ಮಿದುಳನ್ನು ಕಟ್ಟುವ ಜೀನ್‌ಗಳಲ್ಲಿ ಇಂಥವು ಬಹಳ.

ಮೂರು ಪ್ರತಿಗಳೊಂದಿಗೆ ಮಗು ಹುಟ್ಟುವುದು ಹೆಚ್ಚಾಗಿ 21, 18, 13ನೇ ಕ್ರೋಮೋಸೋಮ್‌ಗಳಲ್ಲಿ ಮಾತ್ರ ಯಾಕೆ ಎಂಬುದಕ್ಕೂ ಇದೇ ಉತ್ತರ. ಲಿಂಗ ನಿರ್ಧರಿಸುವ ಎಕ್ಸ್, ವೈಗಳನ್ನು ಬಿಟ್ಟರೆ ಅತಿ ಕಡಿಮೆ ಜೀನ್ ಇರುವುದು ಈ ಮೂರರಲ್ಲೇ. ಉಳಿದವುಗಳಲ್ಲಿ ಒಂದು ಹೆಚ್ಚಾದರೆ ಏರುಪೇರು ಎಷ್ಟು ದೊಡ್ಡದೆಂದರೆ, ಸಾಮಾನ್ಯವಾಗಿ ಬಸಿರು ಆರಂಭದಲ್ಲೇ ನಿಲ್ಲುತ್ತದೆ. ಮೊದಲ ಮೂರು ತಿಂಗಳಲ್ಲಿ ಆಗುವ ಗರ್ಭಪಾತಗಳಲ್ಲಿ ಸುಮಾರು ಅರ್ಧದಷ್ಟಕ್ಕೆ ಕ್ರೋಮೋಸೋಮ್ ದೋಷವೇ ಕಾರಣ.

ಪ್ರಮಾಣದ ಆಟ ಕಣ್ಣಿಗೆ ಕಟ್ಟುವಂತೆ ಕಾಣುವುದು 16ನೇ ಕ್ರೋಮೋಸೋಮಿನ 16ಪಿ11.2 ಎಂಬ ಜಾಗದಲ್ಲಿ. ಇಲ್ಲಿ ಸುಮಾರು 30 ಜೀನ್‌ಗಳ ಒಂದು ಸಣ್ಣ ತುಂಡಿದೆ. ಇದು ಕಳೆದುಹೋದ ಮಕ್ಕಳಲ್ಲಿ ತಲೆ ಸರಾಸರಿಗಿಂತ ದೊಡ್ಡದಾಗಿರುವುದು ಹೆಚ್ಚು, ಬೆಳೆಯುತ್ತಾ ಮೈತೂಕವೂ ಏರುತ್ತದೆ. ಅದೇ ತುಂಡು ಇಮ್ಮಡಿಯಾದವರಲ್ಲಿ ತಲೆ ಚಿಕ್ಕದು, ಮೈತೂಕ ಕಡಿಮೆ. ಎರಡೂ ಕಡೆ ಮಾತು ತಡವಾಗಬಹುದು, ಆಟಿಸಂ ಕಾಣಿಸಿಕೊಳ್ಳಬಹುದು. 1ಕ್ಯೂ21.1 ಎಂಬ ಜಾಗದಲ್ಲಿ ಇದು ತಿರುಗಾಮುರುಗಾ: ತುಂಡು ಹೋದರೆ ತಲೆ ಚಿಕ್ಕದು, ಹೆಚ್ಚಾದರೆ ದೊಡ್ಡದು. ಎಷ್ಟು ನರಕೋಶ ಹುಟ್ಟಬೇಕು, ಎಷ್ಟು ಹೊತ್ತು ಹುಟ್ಟುತ್ತಿರಬೇಕು ಎಂಬುದನ್ನು ಆ ಪುಟ್ಟ ತುಂಡಿನೊಳಗಿನ ಜೀನ್‌ಗಳು ಪ್ರಭಾವಿಸುತ್ತವೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸುಳಿವು ಬೇಕಿಲ್ಲ.

ಪೆಟ್ಟು ಮಿದುಳಿಗೇ ಯಾಕೆ

ಕ್ರೋಮೋಸೋಮ್ ತೊಂದರೆ ಹೃದಯಕ್ಕೂ ತಟ್ಟುತ್ತದೆ, ಕಿಡ್ನಿಗೂ ತಟ್ಟುತ್ತದೆ. ಆದರೆ ಯಾವ ತುಂಡು ಹೋದರೂ ಮಿದುಳು ಮಾತ್ರ ಹೆಚ್ಚುಕಡಿಮೆ ತಪ್ಪಿಸಿಕೊಳ್ಳುವುದೇ ಇಲ್ಲ. ನಮ್ಮ ಸುಮಾರು 20,000 ಜೀನ್‌ಗಳಲ್ಲಿ ಬಹುಪಾಲು ಒಂದಲ್ಲ ಒಂದು ಹಂತದಲ್ಲಿ ಮಿದುಳಿನಲ್ಲಿ ಕೆಲಸ ಮಾಡುತ್ತವೆ. ಹಾಗಾಗಿ ಎಲ್ಲಿ ಕತ್ತರಿ ಬಿದ್ದರೂ ಮಿದುಳಿಗೆ ಬೇಕಾದ ಯಾವುದೋ ಒಂದು ಹೋಗಿರುತ್ತದೆ.

ಎರಡನೇ ಕಾರಣ ಸಮಯ. ಮಿದುಳು ಕಟ್ಟುವ ಕೆಲಸ ಹಂತ ಹಂತವಾಗಿ ನಡೆಯುತ್ತದೆ, ಹೆಚ್ಚಿನ ಹಂತಗಳು ಮುಗಿದ ಮೇಲೆ ಮತ್ತೆ ಬರುವುದಿಲ್ಲ. ಗರ್ಭ ಕಟ್ಟಿದ ನಾಲ್ಕು ವಾರದೊಳಗೆ, ಮುಂದೆ ಮಿದುಳು ಮತ್ತು ಬೆನ್ನುಹುರಿ ಆಗುವ ನರನಾಳ ಮುಚ್ಚಿಕೊಳ್ಳಬೇಕು. ಎಷ್ಟೋ ಸಲ ಆಗ ಬಸಿರಾದದ್ದೇ ತಾಯಿಗೆ ಗೊತ್ತಿರುವುದಿಲ್ಲ. ಅದರ ಬೆನ್ನಿಗೇ ಮುಂಭಾಗದ ಮಿದುಳು ಎಡ, ಬಲ ಎಂದು ಎರಡಾಗಬೇಕು. ಟ್ರೈಸೊಮಿ 13 ಇರುವ ಹಲವು ಮಕ್ಕಳಲ್ಲಿ ಈ ಹಂತವೇ ತಪ್ಪಿಹೋಗಿರುತ್ತದೆ. ಮಿದುಳಿನ ಎರಡು ಅರ್ಧಗಳು ಪೂರ್ತಿ ಬೇರೆಯಾಗಿರುವುದಿಲ್ಲ, ಅದರ ಜೊತೆ ಮುಖದ ಮಧ್ಯಭಾಗವೂ ಸರಿಯಾಗಿ ರೂಪುಗೊಂಡಿರುವುದಿಲ್ಲ.

ಮುಂದಿನ ಹಂತ ನರಕೋಶಗಳ ಪಯಣ. ಮಿದುಳಿನ ಹೊರಪದರದ ನರಕೋಶಗಳು ಹುಟ್ಟುವುದು ಹೊರಪದರದಲ್ಲಲ್ಲ, ತೀರಾ ಒಳಗೆ, ದ್ರವ ತುಂಬಿದ ಕುಹರಗಳ ಅಂಚಿನಲ್ಲಿ. ಅಲ್ಲಿಂದ ಅವು ಒಂದೊಂದಾಗಿ ಹೊರಗೆ ಸಾಗಬೇಕು. ಉದ್ದನೆಯ ನಾರಿನಂಥ ಆಸರೆ ಕೋಶಗಳಿರುತ್ತವೆ. ಬಳ್ಳಿ ಕೋಲು ಹಿಡಿದು ಹಬ್ಬುವ ಹಾಗೆ ನರಕೋಶಗಳು ಆ ನಾರು ಹಿಡಿದು ಮೇಲೇರುತ್ತವೆ. ಮೊದಲು ಬಂದವು ಕೆಳಪದರದಲ್ಲಿ ನಿಲ್ಲುತ್ತವೆ. ಆಮೇಲೆ ಬಂದವು ಅವನ್ನು ದಾಟಿ ಮೇಲೆ ಹೋಗಿ ನಿಲ್ಲುತ್ತವೆ. ಹೀಗೆ ಆರು ಪದರ ಆಗುತ್ತದೆ. ಬಸಿರಿನ 12ನೇ ವಾರದಿಂದ 20ನೇ ವಾರದ ತನಕ ಈ ಓಡಾಟ ಜೋರಾಗಿರುತ್ತದೆ.

17ನೇ ಕ್ರೋಮೋಸೋಮಿನ ತುದಿಯಲ್ಲಿ 'ಲಿಸ್1' ಎಂಬ ಜೀನ್ ಇದೆ. ಸಾಗುವ ನರಕೋಶ ತನ್ನ ನ್ಯೂಕ್ಲಿಯಸ್ಸನ್ನು ಮುಂದಕ್ಕೆ ಎಳೆದುಕೊಳ್ಳಬೇಕಲ್ಲ, ಆ ಎಳೆಯುವ ಯಂತ್ರಕ್ಕೆ ಈ ಜೀನಿನ ಪ್ರೋಟೀನ್ ಬೇಕು. ತುದಿ ಕಳಚಿಕೊಂಡು ಒಂದೇ ಪ್ರತಿ ಉಳಿದರೆ ಪ್ರೋಟೀನ್ ಸಾಲದು. ಕೋಶಗಳು ದಾರಿಯ ನಡುವೆಯೇ ನಿಂತುಬಿಡುತ್ತವೆ, ಪದರಗಳು ಕಲಸಿಹೋಗುತ್ತವೆ. ಮಿದುಳಿನ ಮೇಲೆ ಇರಬೇಕಾದ ಮಡಿಕೆಗಳು ಮೂಡುವುದೇ ಇಲ್ಲ, ಮೇಲ್ಮೈ ನುಣ್ಣಗಿರುತ್ತದೆ. ಇದಕ್ಕೆ ಮಿಲ್ಲರ್-ಡೀಕರ್ ಸಿಂಡ್ರೋಮ್ ಎಂದು ಹೆಸರು. ಈ ಮಕ್ಕಳಿಗೆ ಹುಟ್ಟಿದ ಕೆಲವೇ ತಿಂಗಳಲ್ಲಿ ತೀವ್ರ ಫಿಟ್ಸ್ ಶುರುವಾಗುವುದು ಸಾಮಾನ್ಯ. ಇದೇ ಲಿಸ್1 ಜೀನ್ ಒಂದು ಪ್ರತಿ ಹೆಚ್ಚಾದರೂ ಮಿದುಳಿನ ಬೆಳವಣಿಗೆ ಕೆಡುತ್ತದೆ ಎಂಬುದು 2009ರಲ್ಲಿ ಗೊತ್ತಾಯಿತು.

ಈಗ ಮೊದಲಿನ ಪ್ರಶ್ನೆಗೆ ವಾಪಸ್ ಬನ್ನಿ. ಹುಟ್ಟಿದ ಮೇಲೆ ಲಿಸ್1 ಜೀನನ್ನು ಸೇರಿಸಿದರೆ ಏನಾಗುತ್ತದೆ? ದಾರಿಯಲ್ಲಿ ನಿಂತ ನರಕೋಶಗಳು ಮತ್ತೆ ಹೊರಡುವುದಿಲ್ಲ. ಅವು ಹಿಡಿದು ಹೋಗಬೇಕಿದ್ದ ಆಸರೆಯ ನಾರುಗಳೂ ಅಷ್ಟು ಹೊತ್ತಿಗೆ ಉಳಿದಿರುವುದಿಲ್ಲ. ಲಿವರ್ ತಿದ್ದಿದ ಹಾಗೆ ಮಿದುಳನ್ನು ತಿದ್ದಲಾಗದು ಎನ್ನುವುದರ ಹಿಂದಿನ ದೊಡ್ಡ ಕಾರಣ ಇದು.

ಹುಟ್ಟಿದಾಗ ಕಾಣುವುದು, ಆಮೇಲೆ ಕಾಣುವುದು

ಎಲ್ಲ ತೊಂದರೆಯೂ ಮಿಲ್ಲರ್-ಡೀಕರ್‌ನಷ್ಟು ತೀವ್ರವಲ್ಲ. ಹಸುಗೂಸಿನಲ್ಲಿ ಸಾಮಾನ್ಯವಾಗಿ ವೈದ್ಯರ ಗಮನ ಸೆಳೆಯುವುದು ಸಣ್ಣ ಸಂಗತಿಗಳು. ಎತ್ತಿಕೊಂಡರೆ ಮೈ ಬಿಗಿಯಿಲ್ಲದೆ ಜೋಲುತ್ತದೆ. ಹಾಲು ಚೀಪಲು ಶಕ್ತಿ ಸಾಲದು. ತಲೆಯ ಸುತ್ತಳತೆ ಕಡಿಮೆ. ಹೃದಯದಲ್ಲಿ ಸದ್ದು. ಕ್ರಿ ದು ಶಾ ಇರುವ ಮಗುವಿನ ಅಳು ಬೆಕ್ಕಿನ ಮರಿಯ ಕೂಗಿನಂತೆ ತೆಳುವಾಗಿ, ಕೀರಲಾಗಿ ಇರುತ್ತದೆ.

22ಕ್ಯೂ11.2 ಕೊರತೆಯಲ್ಲಿ ಹುಟ್ಟಿದಾಗ ಮಿದುಳಿನ ಸ್ಕ್ಯಾನ್ ಹೆಚ್ಚಾಗಿ ಸರಿಯಾಗಿಯೇ ಇರುತ್ತದೆ. ಹೃದಯದ ತೊಂದರೆಯಿಂದ ಪತ್ತೆಯಾಗುವುದೇ ಜಾಸ್ತಿ. ಎರಡು ಮೂರು ವರ್ಷಕ್ಕೆ ಮಾತು ತಡವಾಗುತ್ತದೆ, ಶಾಲೆಯಲ್ಲಿ ಲೆಕ್ಕ ಕಷ್ಟವಾಗುತ್ತದೆ. ದೊಡ್ಡವರಾದ ಮೇಲೆ ನಾಲ್ವರಲ್ಲಿ ಒಬ್ಬರಿಗೆ ಸ್ಕಿಜೋಫ್ರೇನಿಯಾದಂಥ ಕಾಯಿಲೆ ಬರುತ್ತದೆ. ಅಂದರೆ ಹುಟ್ಟಿದ ದಿನವೇ ಇದ್ದ ವ್ಯತ್ಯಾಸ 20 ವರ್ಷದ ಮೇಲೆ ಕಾಣಿಸಿಕೊಳ್ಳಬಹುದು. ಮಿದುಳಿನ ಸಂಪರ್ಕಗಳು ಹದಿಹರೆಯ ದಾಟುವ ತನಕ ಕಟ್ಟಿಕೊಳ್ಳುತ್ತಲೇ, ಕತ್ತರಿಸಿಕೊಳ್ಳುತ್ತಲೇ ಇರುತ್ತವೆ.

ಇಲ್ಲಿ ಒಂದು ವಿಷಯ ಜನರಿಗೆ ಸರಿಯಾಗಿ ತಲುಪಿಲ್ಲ. ಈ ಮಕ್ಕಳ ಮಿದುಳಿಗೆ ಆಗುವ ಹಾನಿಯಲ್ಲಿ ಒಂದು ಪಾಲು ತಡೆಯಬಹುದಾದದ್ದು. 22ಕ್ಯೂ11.2 ಇರುವ ಎಳೆಗೂಸಿನಲ್ಲಿ ಕ್ಯಾಲ್ಸಿಯಂ ಹದದಲ್ಲಿಡುವ ಪ್ಯಾರಾಥೈರಾಯ್ಡ್ ಗ್ರಂಥಿ ದುರ್ಬಲವಾಗಿರಬಹುದು. ರಕ್ತದಲ್ಲಿ ಕ್ಯಾಲ್ಸಿಯಂ ಕುಸಿದು ಫಿಟ್ಸ್ ಬರುತ್ತದೆ. ಕ್ಯಾಲ್ಸಿಯಂ ಕೊಟ್ಟರೆ ಅದು ನಿಲ್ಲುತ್ತದೆ. ಡೌನ್ ಸಿಂಡ್ರೋಮ್ ಮಕ್ಕಳಲ್ಲಿ ಹುಟ್ಟಿನಿಂದ ಥೈರಾಯ್ಡ್ ಕೊರತೆ ಇರುವುದು ಬೇರೆಯವರಿಗಿಂತ ಹೆಚ್ಚು. ಅದನ್ನು ಗಮನಿಸದೆ ಬಿಟ್ಟರೆ ಬುದ್ಧಿಯ ಬೆಳವಣಿಗೆಗೆ ಇನ್ನೊಂದು ಪೆಟ್ಟು, ಗಮನಿಸಿದರೆ ದಿನಕ್ಕೊಂದು ಮಾತ್ರೆ. ಕಿವಿ ಸರಿಯಾಗಿ ಕೇಳಿಸದೆ ಮಾತು ಬಾರದಿದ್ದರೆ ಅದನ್ನೂ ಕ್ರೋಮೋಸೋಮಿನ ಲೆಕ್ಕಕ್ಕೇ ಬರೆದುಬಿಡುವುದುಂಟು. 'ಸಿಂಡ್ರೋಮ್ ಇದೆ, ಇಷ್ಟೇ' ಎಂದು ಕೈಬಿಡುವುದು ದೊಡ್ಡ ತಪ್ಪು. ಡೌನ್ ಸಿಂಡ್ರೋಮ್ ಇರುವವರ ಸರಾಸರಿ ಆಯಸ್ಸು ಅಮೆರಿಕದಲ್ಲಿ 1983ರ ಹೊತ್ತಿಗೆ ಸುಮಾರು 25 ವರ್ಷ ಇತ್ತು, ಈಗ 60ರ ಹತ್ತಿರ ಬಂದಿದೆ. ಈ ನಡುವೆ ಅವರ ಕ್ರೋಮೋಸೋಮ್ ಬದಲಾಗಲಿಲ್ಲ. ಹೃದಯದ ಆಪರೇಷನ್ ಸಿಕ್ಕಿತು, ಸಂಸ್ಥೆಗಳಲ್ಲಿ ಇರಿಸುವ ಬದಲು ಮನೆಯಲ್ಲಿ ಬೆಳೆಸಿದರು.

ಒಂದೇ ತುಂಡು, ಬೇರೆ ಬೇರೆ ಮಕ್ಕಳು

ಕ್ರಿ ದು ಶಾ ವಿಚಾರವನ್ನೇ ಇನ್ನಷ್ಟು ಹತ್ತಿರದಿಂದ ನೋಡೋಣ. ಐದನೇ ಕ್ರೋಮೋಸೋಮಿನ ಚಿಕ್ಕ ಬಾಹುವಿನಲ್ಲಿ, ಅಳುವಿನ ವ್ಯತ್ಯಾಸಕ್ಕೆ ಕಾರಣವಾಗುವ ಜಾಗ ತುದಿಯ ಕಡೆಗಿದೆ. ಬುದ್ಧಿಯ ಬೆಳವಣಿಗೆಗೆ ತೀವ್ರ ಪೆಟ್ಟು ಕೊಡುವ ಜಾಗ ಅದಕ್ಕಿಂತ ಸ್ವಲ್ಪ ಒಳಗಿದೆ. ತುದಿ ಮಾತ್ರ ಹೋಗಿದ್ದರೆ ಮಗುವಿನ ಅಳು ವಿಚಿತ್ರವಾಗಿರಬಹುದು, ಆದರೆ ಕಲಿಕೆ ಹೆಚ್ಚು ಕಡಿಮೆ ಎಲ್ಲರಂತೆ ಸಾಗಬಹುದು. ಒಳಗಿನ ಜಾಗವೂ ಹೋಗಿದ್ದರೆ ನಡೆಯುವುದು, ಮಾತಾಡುವುದು ಎಲ್ಲವೂ ತಡ. 'ಐದನೇ ಕ್ರೋಮೋಸೋಮ್ ತುಂಡಾಗಿದೆ' ಎಂದಷ್ಟೇ ಹೇಳುವ ರಿಪೋರ್ಟಿನಿಂದ ಈ ವ್ಯತ್ಯಾಸ ಗೊತ್ತಾಗುವುದಿಲ್ಲ. ಕತ್ತರಿ ಬಿದ್ದ ಜಾಗ ಬೇಕು.

15ನೇ ಕ್ರೋಮೋಸೋಮ್ ಇನ್ನೂ ಸೋಜಿಗ. 15ಕ್ಯೂ11-13 ಎಂಬ ಒಂದೇ ತುಂಡು ತಂದೆಯಿಂದ ಬಂದ ಕ್ರೋಮೋಸೋಮಿನಲ್ಲಿ ಕಳೆದುಹೋದರೆ ಪ್ರಾಡರ್-ವಿಲ್ಲಿ ಸಿಂಡ್ರೋಮ್. ಹಸುಗೂಸು ಹಾಲು ಕುಡಿಯಲಾರದಷ್ಟು ಬಲಹೀನವಾಗಿರುತ್ತದೆ, ಕೆಲವು ವರ್ಷದ ಮೇಲೆ ತಣಿಯದ ಹಸಿವು ಶುರುವಾಗುತ್ತದೆ. ಅದೇ ತುಂಡು ತಾಯಿಯಿಂದ ಬಂದದ್ದರಲ್ಲಿ ಹೋದರೆ ಏಂಜೆಲ್‌ಮನ್ ಸಿಂಡ್ರೋಮ್. ಮಾತು ಬಹುತೇಕ ಬರುವುದಿಲ್ಲ, ಫಿಟ್ಸ್ ಇರುತ್ತದೆ, ನಡಿಗೆ ತಡವರಿಸುತ್ತದೆ, ಮುಖದಲ್ಲಿ ಆಗಾಗ ನಗು. ಕಾರಣ ಇಷ್ಟು: ಆ ಜಾಗದ ಕೆಲವು ಜೀನ್‌ಗಳು ಬಂದ ಕಡೆಯನ್ನು ನೋಡಿ ಕೆಲಸ ಮಾಡುತ್ತವೆ. 'ಯುಬಿಇ3ಎ' ಎಂಬ ಜೀನಿನ ತಂದೆಯ ಪ್ರತಿ ನರಕೋಶಗಳಲ್ಲಿ ಸುಮ್ಮನಿರುತ್ತದೆ, ತಾಯಿಯದೊಂದೇ ದುಡಿಯುತ್ತದೆ. ಅದು ಹೋದರೆ ಬದಲಿ ಇಲ್ಲ.

ಇನ್ನು 16ಪಿ11.2, 22ಕ್ಯೂ11.2ರಂಥ ಕೊರತೆಗಳಲ್ಲಿ, ಮಗುವಿನ ಪರೀಕ್ಷೆಯಾದ ಮೇಲೆ ಅಪ್ಪನಲ್ಲೋ ಅಮ್ಮನಲ್ಲೋ ಅದೇ ಕೊರತೆ ಸಿಗುವುದುಂಟು. ಅವರು ಓದಿ, ಕೆಲಸ ಹಿಡಿದು, ಸಂಸಾರ ಮಾಡಿಕೊಂಡಿರುತ್ತಾರೆ. ಉಳಿದ ಸಾವಿರಾರು ಜೀನ್‌ಗಳು ಹೇಗಿವೆ, ಅವಧಿಗೆ ಮೊದಲೇ ಹುಟ್ಟಿತೇ, ಹೃದಯದ ತೊಂದರೆ ಎಷ್ಟಿತ್ತು, ನೆರವು ಯಾವಾಗ ಸಿಕ್ಕಿತು, ಹೀಗೆ ಎಷ್ಟೋ ಸಂಗತಿ ಸೇರಿ ಫಲಿತಾಂಶ ನಿರ್ಧಾರವಾಗುತ್ತದೆ.

ರಕ್ತಪರೀಕ್ಷೆ: ಯಾರು ಏನನ್ನುತ್ತಾರೆ

ಗೊಂದಲ ಅತಿ ಹೆಚ್ಚಿರುವುದು ಇಲ್ಲಿ. ತಾಯಿಯ ರಕ್ತದಲ್ಲಿ ಭ್ರೂಣದ ಡಿಎನ್‌ಎ ಚೂರುಗಳು ಓಡಾಡುತ್ತವೆ ಎಂದು ವಿಜ್ಞಾನಿ ಡೆನಿಸ್ ಲೋ ಅವರ ತಂಡ 1997ರಲ್ಲಿ ತೋರಿಸಿತು. 2011ರ ಹೊತ್ತಿಗೆ ಅದನ್ನು ಆಧರಿಸಿದ ಎನ್‌ಐಪಿಟಿ ಪರೀಕ್ಷೆ ಮಾರುಕಟ್ಟೆಗೆ ಬಂತು. ಡೌನ್ ಸಿಂಡ್ರೋಮ್ ವಿಚಾರದಲ್ಲಿ ಇದು ನಿಜಕ್ಕೂ ಒಳ್ಳೆಯ ಪರೀಕ್ಷೆ. ಆಮೇಲೆ ಕಂಪನಿಗಳು ಅಪರೂಪದ ಮೈಕ್ರೋಡಿಲೀಷನ್‌ಗಳನ್ನೂ ಇದಕ್ಕೆ ಸೇರಿಸುತ್ತಾ ಹೋದವು. ತೊಡಕು ಶುರುವಾಗಿದ್ದು ಅಲ್ಲಿಂದ.

ಒಂದು ಲೆಕ್ಕ ಹಾಕಿ ನೋಡಿ. 20,000ಕ್ಕೆ ಒಂದರಂತೆ ಬರುವ ತೊಂದರೆ ಎಂದಿಟ್ಟುಕೊಳ್ಳೋಣ. ಒಂದು ಲಕ್ಷ ಬಸುರಿಯರನ್ನು ಪರೀಕ್ಷಿಸಿದರೆ 5 ಮಕ್ಕಳಲ್ಲಿ ಅದು ಇರುತ್ತದೆ. ಪರೀಕ್ಷೆ ಐದನ್ನೂ ಹಿಡಿಯುತ್ತದೆ ಎನ್ನೋಣ. ತೊಂದರೆ ಇಲ್ಲದವರಲ್ಲಿ ಸಾವಿರಕ್ಕೆ ಒಬ್ಬರಿಗೆ ಮಾತ್ರ ತಪ್ಪಾಗಿ 'ಇದೆ' ಅನ್ನುತ್ತದೆ ಎನ್ನೋಣ. ಕೇಳಲು ಭಾರಿ ನಿಖರ. ಆದರೆ ಒಂದು ಲಕ್ಷದಲ್ಲಿ ಅಂಥವರು ಸುಮಾರು 100 ಮಂದಿ. 'ಹೈ ರಿಸ್ಕ್' ಎಂದು ಬಂದ 105 ರಿಪೋರ್ಟುಗಳಲ್ಲಿ ನಿಜವಾದವು 5 ಮಾತ್ರ. ಇದೇ ನಿಖರತೆಯ ಪರೀಕ್ಷೆಯನ್ನು 200ಕ್ಕೆ ಒಂದರಂತೆ ಬರುವ ತೊಂದರೆಗೆ ಬಳಸಿ. ಆಗ 600 ರಿಪೋರ್ಟುಗಳಲ್ಲಿ 500 ನಿಜ. ಪರೀಕ್ಷೆ ಬದಲಾಗಲಿಲ್ಲ, ತೊಂದರೆ ಎಷ್ಟು ಅಪರೂಪ ಎಂಬುದಷ್ಟೇ ಬದಲಾಯಿತು.

ಇನ್ನೊಂದು ತೊಡಕೂ ಇದೆ. ಆ ಡಿಎನ್‌ಎ ಚೂರುಗಳು ಬರುವುದು ಮುಖ್ಯವಾಗಿ ಮಾಸಿನಿಂದ, ಅಂದರೆ ಪ್ಲಸೆಂಟಾದಿಂದ. ಕೆಲವೊಮ್ಮೆ ಕ್ರೋಮೋಸೋಮ್ ದೋಷ ಮಾಸಿನಲ್ಲಿ ಮಾತ್ರ ಇರುತ್ತದೆ, ಮಗುವಿನಲ್ಲಿ ಇರುವುದೇ ಇಲ್ಲ.

2022ರ ಏಪ್ರಿಲ್‌ನಲ್ಲಿ ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ ಈ ಬಗ್ಗೆ ಎಚ್ಚರಿಕೆ ಕೊಟ್ಟಿತು. ಖಚಿತಪಡಿಸುವ ಪರೀಕ್ಷೆ ಮಾಡಿಸದೆ, ಈ ರಿಪೋರ್ಟ್ ಒಂದನ್ನೇ ನಂಬಿ ಬಸಿರು ತೆಗೆಸಿಕೊಂಡವರಿದ್ದಾರೆ ಎಂಬ ವರದಿಗಳನ್ನು ಅದು ಪ್ರಸ್ತಾಪಿಸಿತು. ತಜ್ಞರ ಸಂಸ್ಥೆಗಳೂ ಒಂದೇ ಮಾತು ಹೇಳುತ್ತಿಲ್ಲ. ಅಮೆರಿಕದ ಪ್ರಸೂತಿ ತಜ್ಞರ ಸಂಸ್ಥೆ 2020ರ ತನ್ನ ಮಾರ್ಗಸೂಚಿಯಲ್ಲಿ ಮೈಕ್ರೋಡಿಲೀಷನ್‌ಗೆ ಈ ಪರೀಕ್ಷೆ ಬೇಡ ಎಂದಿತು. ಅಲ್ಲಿನದೇ ವೈದ್ಯಕೀಯ ಜೆನೆಟಿಕ್ಸ್ ತಜ್ಞರ ಸಂಸ್ಥೆ 2022ರಲ್ಲಿ, 22ಕ್ಯೂ11.2 ಒಂದಕ್ಕೆ ಇದನ್ನು ಒದಗಿಸಬಹುದು, ಉಳಿದವಕ್ಕೆ ಸಾಕಷ್ಟು ಆಧಾರವಿಲ್ಲ ಎಂದಿತು. ಪರವಾಗಿರುವವರ ವಾದದಲ್ಲೂ ಹುರುಳಿದೆ: ಮೊದಲೇ ಗೊತ್ತಿದ್ದರೆ ಹೃದಯ ತಜ್ಞರಿರುವ ಕಡೆ ಹೆರಿಗೆ ಮಾಡಿಸಬಹುದು, ಹುಟ್ಟಿದ ದಿನವೇ ಕ್ಯಾಲ್ಸಿಯಂ ನೋಡಬಹುದು. ವಿರೋಧಿಸುವವರು ಕೇಳುವುದು, ಐದು ನಿಜಕ್ಕಾಗಿ ನೂರು ಕುಟುಂಬ ತಿಂಗಳುಗಟ್ಟಲೆ ನರಳಬೇಕೇ ಎಂದು.

ನನ್ನ ಮಟ್ಟಿಗೆ 22ಕ್ಯೂ11.2 ವಿಚಾರದಲ್ಲಿ ಪರವಾಗಿರುವವರ ವಾದವೇ ತೂಕದ್ದು, ಯಾಕೆಂದರೆ ಅದು ಅಷ್ಟು ಅಪರೂಪವಲ್ಲ, ಮೊದಲೇ ತಿಳಿದರೆ ಮಾಡಲು ಕೆಲಸವೂ ಇದೆ. ಉಳಿದ ಹೆಸರುಗಳ ಉದ್ದನೆಯ ಪಟ್ಟಿಯನ್ನು ಸರಿಯಾದ ವಿವರಣೆ ಕೊಡದೆ ಮಾರುವುದು ತಪ್ಪು. ಏನೇ ಆದರೂ, ಎನ್‌ಐಪಿಟಿ ಅನುಮಾನ ಹುಟ್ಟಿಸುವ ಪರೀಕ್ಷೆಯೇ ಹೊರತು ತೀರ್ಪಲ್ಲ. ಖಚಿತವಾಗಲು 15ನೇ ವಾರದ ನಂತರ ಗರ್ಭಜಲ ತೆಗೆದು, ಕ್ರೋಮೋಸೋಮಿನ ಸಣ್ಣ ತುಂಡುಗಳ ಹೆಚ್ಚುಕಡಿಮೆಯನ್ನೂ ಹಿಡಿಯುವ ಮೈಕ್ರೋಅರೇ ಪರೀಕ್ಷೆ ಮಾಡಿಸಬೇಕು. ಗರ್ಭಜಲ ತೆಗೆಯುವುದರಿಂದ ಗರ್ಭಪಾತವಾಗುವ ಹೆಚ್ಚುವರಿ ಅಪಾಯ ನುರಿತ ಕೈಗಳಲ್ಲಿ ಸಾವಿರಕ್ಕೆ ಒಂದರಿಂದ ಮೂರರಷ್ಟು ಎಂಬ ಅಂದಾಜಿದೆ.

'ಬದುಕುವುದಿಲ್ಲ' ಎಂಬ ಮಾತು

ಟ್ರೈಸೊಮಿ 13 ಮತ್ತು 18 ಇರುವ ಮಕ್ಕಳ ಬಗ್ಗೆ ವೈದ್ಯಲೋಕ ದಶಕಗಳ ಕಾಲ ಹೇಳಿದ್ದು ಒಂದೇ: ಇದು ಮಾರಕ, ಚಿಕಿತ್ಸೆ ಬೇಡ, ನೋವಾಗದಂತೆ ನೋಡಿಕೊಳ್ಳಿ. ಕೆನಡಾದ ಒಂಟಾರಿಯೋ ಪ್ರಾಂತ್ಯದ 20 ವರ್ಷದ ದಾಖಲೆ ಆಧರಿಸಿ 2016ರಲ್ಲಿ ಬಂದ ಅಧ್ಯಯನ ಇದನ್ನು ಅಲುಗಾಡಿಸಿತು. ಟ್ರೈಸೊಮಿ 13ರಲ್ಲಿ ಶೇ. 20ರಷ್ಟು, ಟ್ರೈಸೊಮಿ 18ರಲ್ಲಿ ಶೇ. 13ರಷ್ಟು ಮಕ್ಕಳು ಒಂದು ವರ್ಷ ದಾಟಿದ್ದರು. ಹತ್ತು ವರ್ಷ ದಾಟಿದವರು ಶೇ. 13 ಮತ್ತು ಶೇ. 10ರಷ್ಟು. ಅಂದರೆ ಮೊದಲ ವರ್ಷ ಕಳೆದವರಲ್ಲಿ ಹೆಚ್ಚಿನವರು ಹತ್ತರ ತನಕ ಬದುಕಿದ್ದಾರೆ.

ಚಿಕಿತ್ಸೆ ಬೇಡ ಎನ್ನುವ ವೈದ್ಯರ ನೋವು ಸುಳ್ಳಲ್ಲ. ಈ ಮಕ್ಕಳ ಮಿದುಳಿಗೆ ಆಗಿರುವ ಹಾನಿ ತೀವ್ರ. ಬಹುತೇಕರಿಗೆ ಮಾತು ಬರುವುದಿಲ್ಲ, ತಾವಾಗಿ ನಡೆಯಲು ಆಗುವುದಿಲ್ಲ. ಆಪರೇಷನ್‌ನಂಥ ಚಿಕಿತ್ಸೆ ಪಡೆದು ಬದುಕಿದ ಮಕ್ಕಳು ಮೊದಲೇ ಸ್ವಲ್ಪ ಗಟ್ಟಿಯಿದ್ದವರು, ಹಾಗಾಗಿ ಬದುಕಿದರು ಎಂಬ ಅವರ ಆಕ್ಷೇಪವನ್ನೂ ತಳ್ಳಿಹಾಕುವಂತಿಲ್ಲ. ಆದರೆ ಇನ್ನೊಂದು ಕಡೆಯ ವಾದವನ್ನೂ ಕೇಳಬೇಕು. ಬದುಕುವುದಿಲ್ಲ ಎಂದು ಚಿಕಿತ್ಸೆ ಕೊಡುವುದಿಲ್ಲ, ಚಿಕಿತ್ಸೆ ಸಿಗದೆ ಮಗು ಹೋಗುತ್ತದೆ, ಆ ಸಾವು ಮುಂದಿನ ಮಗುವಿಗೆ ಪುರಾವೆಯಾಗುತ್ತದೆ. ಬದುಕಿದ ಮಕ್ಕಳು ಮನೆಯವರನ್ನು ಗುರುತಿಸುತ್ತಾರೆ, ನಗುತ್ತಾರೆ, ನಿಧಾನವಾಗಿ ಕಲಿಯುತ್ತಾರೆ ಎಂದು ಅಪ್ಪ ಅಮ್ಮಂದಿರು ಹೇಳುತ್ತಾರೆ. ಹಾಗಾಗಿ ಕ್ರೋಮೋಸೋಮಿನ ಸಂಖ್ಯೆ ನೋಡಿ ಒಂದೇ ಅಳತೆಯ ನಿರ್ಧಾರ ಮಾಡುವುದು ನ್ಯಾಯವಲ್ಲ. ಆ ಮಗುವಿನ ಹೃದಯ, ಉಸಿರಾಟ, ಮಿದುಳು ಹೇಗಿದೆ ಎಂದು ನೋಡಿ ಮನೆಯವರ ಜೊತೆ ಕೂತು ತೀರ್ಮಾನಿಸಬೇಕು.

ಜೀನ್ ಚಿಕಿತ್ಸೆಯ ದಾರಿ ಎಲ್ಲಿಗೆ ಬಂದಿದೆ

ಮೀಎ ತಂಡದ ಕೆಲಸ ದೊಡ್ಡದೇ. ಆದರೆ ಅದು ನಡೆದದ್ದು ಪ್ರಯೋಗಾಲಯದ ತಟ್ಟೆಯಲ್ಲಿ ಬೆಳೆಸಿದ ಜೀವಕೋಶಗಳಲ್ಲಿ, ಅದೂ ಅವುಗಳಲ್ಲಿ ಒಂದು ಪಾಲಿನಲ್ಲಿ ಮಾತ್ರ. ಕ್ರೋಮೋಸೋಮನ್ನು ಹಲವು ಕಡೆ ಕತ್ತರಿಸುವಾಗ ಬೇರೆ ಕಡೆಯೂ ಕತ್ತರಿ ಬೀಳುವ ಅಪಾಯವಿದೆ. ಸಾವಿರಾರು ಕೋಟಿ ನರಕೋಶಗಳಿರುವ, ರಕ್ತದಿಂದ ಔಷಧಿ ಸುಲಭವಾಗಿ ಒಳಬಿಡದ ಮಿದುಳಿಗೆ ಇದನ್ನು ತಲುಪಿಸುವ ದಾರಿ ಇನ್ನೂ ಇಲ್ಲ.

ಹತ್ತಿರದ ಆಸೆ ಇರುವುದು ಏಂಜೆಲ್‌ಮನ್ ಸಿಂಡ್ರೋಮ್‌ನಲ್ಲಿ. ತಾಯಿಯ ಯುಬಿಇ3ಎ ಹೋಗಿದ್ದರೂ ತಂದೆಯದು ಸರಿಯಾಗೇ ಇದೆ, ಸುಮ್ಮನಿದೆ ಅಷ್ಟೆ. ಅದನ್ನು ಎಬ್ಬಿಸುವ ಔಷಧಿಗಳನ್ನು ಬೆನ್ನುಹುರಿಯ ದ್ರವಕ್ಕೆ ಕೊಟ್ಟು ಮಕ್ಕಳಲ್ಲಿ ಪರೀಕ್ಷಿಸಲಾಗುತ್ತಿದೆ. ಇಲ್ಲಿ ಮಿದುಳಿನ ಆಕಾರ ಹೆಚ್ಚು ಕೆಟ್ಟಿರುವುದಿಲ್ಲ, ನರಕೋಶಗಳು ತಮ್ಮ ಜಾಗ ಸೇರಿರುತ್ತವೆ, ಆದ್ದರಿಂದಲೇ ಈ ಆಸೆ. ಆದರೂ ಸಮಯದ ಪ್ರಶ್ನೆ ಬಿಟ್ಟಿಲ್ಲ. ಇಲಿಗಳಲ್ಲಿ ಈ ಜೀನನ್ನು ಬೇರೆ ಬೇರೆ ವಯಸ್ಸಿನಲ್ಲಿ ಮತ್ತೆ ಚಾಲೂ ಮಾಡಿ ನೋಡಿದ ಫಲಿತಾಂಶ 2015ರಲ್ಲಿ ಬಂತು. ಎಳೆಯ ವಯಸ್ಸಿನಲ್ಲಿ ಕೊಟ್ಟಾಗ ಕೈಕಾಲಿನ ಹಿಡಿತ ಸುಧಾರಿಸಿತು. ಆತಂಕ ಮತ್ತು ಮರುಕಳಿಸುವ ವರ್ತನೆಗಳು ಸರಿಹೋದದ್ದು ಹುಟ್ಟುವ ಮೊದಲೇ ಚಾಲೂ ಮಾಡಿದಾಗ ಮಾತ್ರ.

ಅರ್ಥ ಗೊತ್ತಿಲ್ಲದ ರಿಪೋರ್ಟ್ ಬಂದರೆ

ಮೈಕ್ರೋಅರೇ ಬಂದ ಮೇಲೆ ಬೆಳವಣಿಗೆ ತಡವಾದ ಮಕ್ಕಳಲ್ಲಿ ಶೇ. 15ರಿಂದ 20ರಷ್ಟು ಮಂದಿಗೆ ಕಾರಣ ಸಿಗುತ್ತಿದೆ. ಸೂಕ್ಷ್ಮದರ್ಶಕದಲ್ಲಿ ಕ್ರೋಮೋಸೋಮ್ ನೋಡುವ ಹಳೆಯ ಕ್ಯಾರಿಯೋಟೈಪ್ ಪರೀಕ್ಷೆಯಲ್ಲಿ, ಡೌನ್ ಸಿಂಡ್ರೋಮ್ ಬಿಟ್ಟರೆ, ಇದು ಶೇ. 3ರ ಆಸುಪಾಸಿತ್ತು. ಆದರೆ ಸೂಕ್ಷ್ಮವಾಗಿ ನೋಡಿದಷ್ಟೂ, ಯಾರೂ ಮೊದಲು ಕಂಡಿರದ ಬದಲಾವಣೆಗಳು ಸಿಗುತ್ತವೆ. ಅವನ್ನು 'ಮಹತ್ವ ಖಚಿತವಿಲ್ಲ' ಎಂಬ ಗುಂಪಿಗೆ ಹಾಕುತ್ತಾರೆ. ಇದನ್ನು ಕಾಯಿಲೆ ಎಂದು ಓದಬಾರದು, ಏನೂ ಇಲ್ಲ ಎಂದೂ ಓದಬಾರದು.

ಆಗ ಮೊದಲ ಕೆಲಸ ಅಪ್ಪ ಅಮ್ಮನ ಪರೀಕ್ಷೆ. ಆರೋಗ್ಯವಾಗಿರುವ ಒಬ್ಬರಲ್ಲಿ ಅದೇ ಬದಲಾವಣೆ ಇದ್ದರೆ ಚಿಂತೆ ಸ್ವಲ್ಪ ಕಡಿಮೆ, ಪೂರ್ತಿ ಇಲ್ಲವೆನ್ನಲಾಗದು. ಇಬ್ಬರಲ್ಲೂ ಇಲ್ಲದೆ ಮಗುವಿನಲ್ಲೇ ಹೊಸದಾಗಿ ಬಂದಿದ್ದರೆ ಅನುಮಾನ ಗಟ್ಟಿಯಾಗುತ್ತದೆ. ಒಬ್ಬರಲ್ಲಿ ಕ್ರೋಮೋಸೋಮಿನ ತುಂಡುಗಳು ಅದಲುಬದಲಾಗಿ ಕೂತಿರುವುದು ಗೊತ್ತಾಗಲೂಬಹುದು. ಸುಮಾರು 500 ಜನರಲ್ಲಿ ಒಬ್ಬರಿಗೆ ಹಾಗಿರುತ್ತದೆ. ಅವರಿಗೆ ಸಾಮಾನ್ಯವಾಗಿ ಏನೂ ತೊಂದರೆ ಇರುವುದಿಲ್ಲ, ಆದರೆ ಮುಂದಿನ ಬಸಿರಿನ ಲೆಕ್ಕಾಚಾರ ಅದರಿಂದ ಬದಲಾಗುತ್ತದೆ.

ಅಲ್ಲಿಯ ತನಕ ಮಗುವಿನ ಫಿಸಿಯೋಥೆರಪಿ, ಮಾತಿನ ತರಬೇತಿ, ಕಿವಿ ಕಣ್ಣಿನ ತಪಾಸಣೆ ಯಾವ ರಿಪೋರ್ಟಿಗೂ ಕಾಯಬೇಕಿಲ್ಲ. ಮತ್ತೆ, ಆ ರಿಪೋರ್ಟಿನ ಪೂರ್ತಿ ಪ್ರತಿಯನ್ನು, ಕ್ರೋಮೋಸೋಮಿನ ಜಾಗ ತೋರಿಸುವ ಅಂಕಿಗಳ ಸಮೇತ, ಕೇಳಿ ಇಟ್ಟುಕೊಳ್ಳಬೇಕು. ಬೇರೆ ಬೇರೆ ಕಡೆಯ ಮಕ್ಕಳ ಮಾಹಿತಿ ಸೇರುತ್ತಾ ಹೋದಂತೆ, ಇವತ್ತು ಖಚಿತವಿಲ್ಲ ಎಂದಿರುವ ಬದಲಾವಣೆಗೆ ಎರಡು ಮೂರು ವರ್ಷದಲ್ಲಿ ಉತ್ತರ ಸಿಗಬಹುದು. ಲ್ಯಾಬ್ ತಾನಾಗಿ ಫೋನ್ ಮಾಡುತ್ತದೆ ಎಂದು ಕಾಯದೆ, ಜೆನೆಟಿಕ್ಸ್ ವೈದ್ಯರ ಹತ್ತಿರ ಅದನ್ನು ಮತ್ತೆ ಓದಿಸಬೇಕು.